ಹೊಗೆಯಲ್ಲಿ ಒಣಗಿದ ಮೆಣಸಿನಕಾಯಿ

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ತರಗತಿ. ಪುಸ್ತಕ ತೆರೆಯುವ ಮೊದಲು ಅಧ್ಯಾಪಕಿ ಒಬ್ಬೊಬ್ಬರನ್ನೇ ಕೇಳುತ್ತಿದ್ದರು: ಶನಿವಾರ, ಭಾನುವಾರ ಏನು ಮಾಡಿದಿರಿ? ಸ್ಪ್ಯಾನಿಷ್ ಕಲಿಯಲೆಂದು ಸಲಮಂಕಾಕ್ಕೆ ಬಂದಿದ್ದ ನಾವು ಹನ್ನೊಂದು ಜನ. ಕೊರಿಯಾದವಳೊಬ್ಬಳು, ಬ್ರೆಜಿಲಿನವಳೊಬ್ಬಳು, ಜರ್ಮನಿ, ಅಮೆರಿಕದ ಕೆಲವರು, ಹಾವೇರಿ ಜಿಲ್ಲೆಯ ಬ್ಯಾಡಗಿಯಿಂದ ನಾನು. ಮೊದಮೊದಲು ನನ್ನ ಉತ್ತರ ಮೂರು ಕ್ರಿಯಾಪದಗಳಲ್ಲಿ ಮುಗಿದುಹೋಗುತ್ತಿತ್ತು: ಹೋದೆ, ನೋಡಿದೆ, ತಿಂದೆ. ಫುಯಿ, ವಿ, ಕೊಮಿ. ವ್ಯಾಕರಣದಲ್ಲಿ ತಪ್ಪೇನೂ ಇರಲಿಲ್ಲ.

ಸಲಮಂಕಾ ಊರೇ ಒಂದು ನೋಟ. 1218ರಲ್ಲಿ ಲಿಯೋನಿನ ದೊರೆ ಒಂಬತ್ತನೆಯ ಅಲ್ಫೋನ್ಸೊ ಹುಟ್ಟುಹಾಕಿದ ವಿಶ್ವವಿದ್ಯಾಲಯ ಅಲ್ಲಿದೆ. ಊರಿನ ಹಳೆಯ ಕಟ್ಟಡಗಳೆಲ್ಲ ಪಕ್ಕದ ವಿಯಮಯೋರ್ ಗಣಿಯ ಮರಳುಗಲ್ಲಿನವು. ಈ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿರುತ್ತದೆ, ಶಿಲ್ಪಿಯ ಉಳಿಗೆ ಸುಲಭವಾಗಿ ಒಗ್ಗುತ್ತದೆ. ಗಾಳಿ ಸೋಕುತ್ತ ಗಟ್ಟಿಯಾಗುತ್ತದೆ. ಒಳಗಿರುವ ಕಬ್ಬಿಣದ ಅಂಶದಿಂದಾಗಿ ವರ್ಷ ಕಳೆದಂತೆ ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ಸಂಜೆ ಏಳರ ಬಿಸಿಲಿನಲ್ಲಿ ಪ್ಲಾಸಾ ಮಯೋರ್ ಚೌಕದ ಕಮಾನುಗಳು ಒಳಗಿನಿಂದ ದೀಪ ಹಚ್ಚಿದಂತೆ ಕಾಣುತ್ತವೆ. ವಿಶ್ವವಿದ್ಯಾಲಯದ ಮುಂಗೋಡೆಯ ಕೆತ್ತನೆಯಲ್ಲಿ ತಲೆಬುರುಡೆಯ ಮೇಲೆ ಕೂತ ಕಪ್ಪೆಯೊಂದನ್ನು ಹುಡುಕಿದವರು ಪಾಸಾಗುತ್ತಾರೆ ಎಂದು ನಂಬಿಕೆ. ನಾನೂ ಹುಡುಕಿದೆ. ಕೊನೆಗೆ ಅಪರಿಚಿತ ಹುಡುಗನೊಬ್ಬ ತೋರಿಸಿಕೊಟ್ಟ.

ಇಂಥ ಊರಿನಲ್ಲಿದ್ದೂ ಶುಕ್ರವಾರ ಬಂತೆಂದರೆ ನಮಗೆಲ್ಲ ಬೇರೆಲ್ಲಿಗಾದರೂ ಹೋಗುವ ತವಕ. ನಾಲ್ಕು ತಿಂಗಳ ಕೋರ್ಸಿಗೆ ಹದಿನಾರು ವಾರಾಂತ್ಯಗಳು ಎಂದು ನಾನು ಲೆಕ್ಕ ಹಾಕಿ ಪಟ್ಟಿ ಬರೆದಿಟ್ಟಿದ್ದೆ. ಮೊದಲ ಶನಿವಾರ ಸೆಗೋವಿಯಾ. ರೋಮನ್ನರು ಕಟ್ಟಿದ ಮೇಲ್ಗಾಲುವೆ ಅಲ್ಲಿದೆ, ಚೌಕದ ಬಳಿ 28 ಮೀಟರ್ ಎತ್ತರ. ಗಾರೆಯ ಹಂಗಿಲ್ಲದೆ ಒಂದರ ಮೇಲೊಂದು ಕೂತ ಗ್ರಾನೈಟ್ ಕಲ್ಲುಗಳು, 167 ಕಮಾನುಗಳು. ಮರುವಾರ ಆವಿಲಾ. ಎರಡೂವರೆ ಕಿಲೋಮೀಟರ್ ಸುತ್ತಳತೆಯ ಕೋಟೆ, ಸಂತ ತೆರೇಸಾ 1515ರಲ್ಲಿ ಹುಟ್ಟಿದ ಊರು. ಕೋಟೆಯ ಮೇಲೆ ನಡೆದು, ಮೊಟ್ಟೆಯ ಹಳದಿಯಿಂದ ಮಾಡಿದ ಅಲ್ಲಿಯ ಮಿಠಾಯಿ ತಿಂದು, ಸಂಜೆಯ ಬಸ್ಸು ಹಿಡಿದೆವು. ಎರಡೂ ಊರುಗಳು ದೊಡ್ಡವು, ಚೆಲುವಾದವು. ನನ್ನ ಕೈಯಲ್ಲಿ ಉಳಿದದ್ದು ಮಾತ್ರ ಫೋಟೊಗಳು. ಆ ಮೇಲ್ಗಾಲುವೆಯ ಕೆಳಗೆ ನಿಂತಾಗ ಹಂಪಿಯ ಕಲ್ಲುಗಾಲುವೆಯಾದರೂ ನೆನಪಾಗಬೇಕಿತ್ತು. ಅಷ್ಟಕ್ಕೂ ನನಗೆ ಪುರುಸೊತ್ತಿರಲಿಲ್ಲ.

ಮೂರನೆಯ ಸೋಮವಾರ ಅಧ್ಯಾಪಕಿ ನನ್ನ ಉತ್ತರ ಕೇಳಿ, ತುಸು ಹೊತ್ತು ಸುಮ್ಮನಿದ್ದು ಹೇಳಿದರು: “ನಿನ್ನ ವಾಕ್ಯಗಳಲ್ಲಿ ಎಲ್ಲವೂ ಆಗಿ ಮುಗಿದಿರುತ್ತದೆ. ನೀನು ಹೋದಾಗ ಅಲ್ಲಿ ಏನು ನಡೆಯುತ್ತಿತ್ತು?”

ಸ್ಪ್ಯಾನಿಷಿನಲ್ಲಿ ಭೂತಕಾಲಕ್ಕೆ ಎರಡು ಬಾಗಿಲು. ಒಮ್ಮೆ ನಡೆದು ಮುಗಿದದ್ದಕ್ಕೆ ಇಂದೆಫಿನಿದೊ. ನಡೆಯುತ್ತಿದ್ದದ್ದಕ್ಕೆ, ರೂಢಿಯಲ್ಲಿದ್ದದ್ದಕ್ಕೆ, ಒಂದು ಘಟನೆಯ ಹಿಂದೆ ಹರಡಿಕೊಂಡಿರುವುದಕ್ಕೆಲ್ಲ ಇಂಪೆರ್ಫೆಕ್ತೊ. ಕನ್ನಡದವರಿಗೆ ಇದು ಕಷ್ಟವಲ್ಲ. ‘ಒಣಗಿಸಿದಳು’ ಬೇರೆ, ‘ಒಣಗಿಸುತ್ತಿದ್ದಳು’ ಬೇರೆ ಎಂದು ನಮಗೆ ಹೇಳಿಕೊಡಬೇಕಿಲ್ಲ. ನನಗೆ ಎರಡನೆಯದರ ಪ್ರತ್ಯಯಗಳೆಲ್ಲ ಬಾಯಿಪಾಠವಾಗಿದ್ದವು. ಅವನ್ನು ಹಚ್ಚಲು ವಿಷಯವಿರಲಿಲ್ಲ.

ವಿಷಯ ಮೊದಲು ಸಿಕ್ಕಿದ್ದು ಲಾ ಅಲ್ಬೆರ್ಕಾದಲ್ಲಿ. ಸಲಮಂಕಾದ ದಕ್ಷಿಣಕ್ಕೆ, ಸಿಯೆರ್ರಾ ದೆ ಫ್ರಾನ್ಸಿಯಾ ಬೆಟ್ಟಸಾಲಿನ ಹಳ್ಳಿ. ಕೆಳಗೆ ಕಲ್ಲು, ಮೇಲೆ ಮರದ ಚೌಕಟ್ಟಿನ ಮನೆಗಳು ಓಣಿಯ ಎರಡೂ ಬದಿಯಿಂದ ಒಂದರ ಕಡೆಗೊಂದು ಬಾಗಿ ನಿಂತಿವೆ. ವಾರಾಂತ್ಯದಲ್ಲಿ ಅಲ್ಲಿಗೆ ಬಸ್ಸುಗಳು ಬೆರಳೆಣಿಕೆಯಷ್ಟೇ, ಹಾಗಾಗಿ ರಾತ್ರಿ ಉಳಿಯಲೇಬೇಕಾಯಿತು. ಆ ರಾತ್ರಿ ನಮ್ಮ ಪಟ್ಟಿಯಲ್ಲಿರಲಿಲ್ಲ. ಓಣಿಯಲ್ಲಿ ಹಂದಿಯೊಂದು ಯಾರ ಅಡ್ಡಿಯೂ ಇಲ್ಲದೆ ತಿರುಗಾಡುತ್ತಿತ್ತು. ಅದು ಸಂತ ಆಂತೋನಿಯ ಹೆಸರಿನ ಹಂದಿ. ಜೂನ್ 13ರಂದು ಅದನ್ನು ಬೀದಿಗೆ ಬಿಡುತ್ತಾರೆ, ಊರಿಗೆ ಊರೇ ಮೇವು ಹಾಕಿ ಸಾಕುತ್ತದೆ, ಜನವರಿ 17ರಂದು ಚೀಟಿ ಎತ್ತುತ್ತಾರೆ. ದೇವರಿಗೆ ಬಿಟ್ಟ ಹೋರಿಯನ್ನು ಕಂಡವಳಿಗೆ ಇದು ಹೊಸದೆನಿಸಲಿಲ್ಲ. ಕತ್ತಲಾಗುವ ಹೊತ್ತಿಗೆ ಗಂಟೆಯ ಸದ್ದು ಕೇಳಿತು. ಕಪ್ಪು ಬಟ್ಟೆಯ ಹೆಂಗಸೊಬ್ಬರು ಕೈಗಂಟೆ ಹಿಡಿದು ಓಣಿಯ ತಿರುವಿನಲ್ಲಿ ನಿಂತು, ಸತ್ತವರ ಆತ್ಮಗಳಿಗಾಗಿ ಪ್ರಾರ್ಥನೆ ಹೇಳಿ, ಗಂಟೆ ಬಾರಿಸಿ ಮುಂದಿನ ತಿರುವಿಗೆ ನಡೆದರು. ದಿನವೂ ಮುಸ್ಸಂಜೆಗೆ, ಮಳೆಯಿರಲಿ ಹಿಮವಿರಲಿ, ಊರಿನ ಯಾರಾದರೊಬ್ಬ ಹೆಂಗಸು ಈ ಸುತ್ತು ಹಾಕುತ್ತಾರೆ. ಕೊರಿಯಾದವಳು, ಬ್ರೆಜಿಲಿನವಳು, ನಾನು, ಮೂವರೂ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟೆವು. ಫೋನ್ ಹೊರತೆಗೆಯಲು ಯಾರಿಗೂ ಮನಸ್ಸಾಗಲಿಲ್ಲ.

ಮರುದಿನ ಚೆಸ್ಟ್‌ನಟ್ ಮರಗಳ ನಡುವೆ ನಡೆದು ಮೊಗರ್ರಾಸ್ ತಲುಪಿದೆವು. ಆ ಹಳ್ಳಿಯ ಮನೆಮನೆಯ ಗೋಡೆಯ ಮೇಲೂ ಮುಖಗಳಿವೆ. 1967ರಲ್ಲಿ ಅಲೆಹಾಂದ್ರೊ ಮಾರ್ತಿನ್ ಎಂಬ ಛಾಯಾಗ್ರಾಹಕ ಗುರುತಿನ ಚೀಟಿಗಾಗಿ ಊರವರ ಚಿತ್ರ ತೆಗೆದಿದ್ದ. ಬಡತನ ಹಳ್ಳಿಗಳನ್ನು ಖಾಲಿ ಮಾಡಿಸುತ್ತಿದ್ದ ಕಾಲ ಅದು. ಅದೇ ಊರಿನ ಕಲಾವಿದ ಫ್ಲೊರೆನ್ಸಿಯೊ ಮಾಯಿಯೊ ಆ ಫೋಟೊಗಳನ್ನು ಇಟ್ಟುಕೊಂಡು ಲೋಹದ ಹಾಳೆಗಳ ಮೇಲೆ ದೊಡ್ಡ ಮುಖಗಳನ್ನು ಬರೆದು, 2012ರಲ್ಲಿ ಅವರವರು ಬಾಳಿದ ಮನೆಗಳ ಮುಂದೆಯೇ ತೂಗುಹಾಕಿದರು. ಮೊದಲು 388 ಚಿತ್ರಗಳು, ಆಮೇಲೆ ಇನ್ನಷ್ಟು ಸೇರಿದವು. ಕಟ್ಟೆಯ ಮೇಲೆ ಬಿಸಿಲು ಕಾಯುತ್ತಿದ್ದ ಅಜ್ಜಿಯೊಬ್ಬರು ನಮ್ಮನ್ನು ಕರೆದು ಒಂದೊಂದೇ ಮುಖದತ್ತ ಕೋಲು ತೋರಿಸಿದರು. ಇವನು ಚಪ್ಪಲಿ ಹೊಲಿಯುತ್ತಿದ್ದ. ಇವಳು ಮಕ್ಕಳಿಗೆ ಹೆಸರಿಡುವಾಗ ಹಾಡುತ್ತಿದ್ದಳು. ಇವರಿಬ್ಬರೂ ಮಾತು ಬಿಟ್ಟಿದ್ದರು, ಈಗ ಎದುರುಬದುರು ನೋಡುತ್ತ ನೇತಾಡುತ್ತಿದ್ದಾರೆ. ಅಜ್ಜಿಯ ಬಾಯಿಂದ ಬಂದ ಒಂದೊಂದು ಕ್ರಿಯಾಪದವೂ ಇಂಪೆರ್ಫೆಕ್ತೊ. ಪಾಠದಲ್ಲಿ ಒಂದು ತಿಂಗಳು ಕಲಿತದ್ದನ್ನು ನಾನು ಆ ಕಟ್ಟೆಯ ಮೇಲೆ ಅರ್ಧ ಗಂಟೆಯಲ್ಲಿ ಕೇಳಿಸಿಕೊಂಡೆ.

ಆಮೇಲೆ ಬಂದದ್ದು ಮೆಣಸಿನಕಾಯಿ.

ನಾನು ಬಾಡಿಗೆಗಿದ್ದ ಮನೆಯೊಡತಿ ಎಪ್ಪತ್ತು ದಾಟಿದವರು. ನಾನು ಮಾಂಸ ತಿನ್ನುವುದಿಲ್ಲವೆಂದು ತಿಳಿದ ದಿನ ಅವರಿಗೆ ನಿಜಕ್ಕೂ ಆತಂಕವಾಯಿತು, ಸಲಮಂಕಾದ ಅಡುಗೆಯಲ್ಲಿ ಹಂದಿಮಾಂಸವಿಲ್ಲದ್ದು ಅಷ್ಟು ಕಡಿಮೆ. ಯೋಚಿಸಿ ಯೋಚಿಸಿ ‘ಪತಾತಾಸ್ ಮೆನೆಯಾಸ್’ ಮಾಡಿಕೊಟ್ಟರು. ಬೇಯಿಸಿ ನುರಿದ ಆಲೂಗಡ್ಡೆ, ಬೆಳ್ಳುಳ್ಳಿ, ಆಲಿವ್ ಎಣ್ಣೆ, ಕೆಂಪು ಪುಡಿ. ಮೇಲೆ ಹಾಕುವ ಮಾಂಸದ ಕರಿದ ತುಂಡುಗಳನ್ನು ನನ್ನ ತಟ್ಟೆಯಿಂದ ಬಿಟ್ಟರು. ಬಣ್ಣ ನೋಡಿ ಬಾಯಲ್ಲಿ ನೀರೂರಿತು. ತುತ್ತು ಬಾಯಿಗಿಟ್ಟರೆ ಖಾರವಿಲ್ಲ, ಹೊಗೆಯ ವಾಸನೆ! ಮಳೆಗಾಲದಲ್ಲಿ ಹಸಿ ಕಟ್ಟಿಗೆಯ ಒಲೆ ಉರಿಸಿದ ಅಡುಗೆಮನೆಯ ಗೋಡೆಗೆ ಮೂಗು ಹಚ್ಚಿದಂತೆ.

ಆ ಪುಡಿ ನನಗೂ ಬೇಕೆನಿಸಿತು. ಅಂಗಡಿಗೆ ಹೋಗಿ ಮನಸ್ಸಿನಲ್ಲೇ ‘ಮೆಣಸಿನ ಪುಡಿ’ ಎಂದುಕೊಂಡು ‘ಪಿಮಿಯೆಂತಾ’ ಕೇಳಿದೆ. ಅಂಗಡಿಯವನು ಕಾಳುಮೆಣಸಿನ ಪುಡಿ ಕೊಟ್ಟ. ಮನೆಗೆ ಬಂದಾಗ ಮನೆಯೊಡತಿ ತಿದ್ದಿದರು: ಪಿಮಿಯೆಂತಾ ಅಂದರೆ ಕರಿಯ ಕಾಳು, ಪಿಮಿಯೆಂತೊ ಅಂದರೆ ಕಾಯಿ, ಕಾಯಿಯ ಪುಡಿ ಪಿಮೆಂತೋನ್. ಕೊನೆಯ ಅಕ್ಷರ ಬದಲಾದರೆ ಪದಾರ್ಥವೇ ಬದಲು.

ರಾತ್ರಿ ಮಲಗಿದಾಗ ಹೊಳೆಯಿತು. ನಮ್ಮಲ್ಲೂ ಹಾಗೆಯೇ ಅಲ್ಲವೇ! ಮೆಣಸು ಮೊದಲಿನದು, ನಮ್ಮ ಘಟ್ಟದ ಬಳ್ಳಿಯದು. ಹೊರಗಿನಿಂದ ಬಂದ ಕಾಯಿಗೆ ಮೆಣಸಿನ ಹೆಸರನ್ನೇ ಅಂಟಿಸಿ ಮೆಣಸಿನಕಾಯಿ ಎಂದೆವು. ಬರಬರುತ್ತ ಹೊಸಬನೇ ಹೆಸರನ್ನು ದಕ್ಕಿಸಿಕೊಂಡ. ಹಳೆಯ ಮೆಣಸು ಕಾಳುಮೆಣಸಾಯಿತು, ಕರಿಮೆಣಸಾಯಿತು. ಕೊಲಂಬಸ್ ಹುಡುಕುತ್ತ ಹೋದದ್ದು ಭಾರತದ ಮೆಣಸನ್ನು, 1493ರಲ್ಲಿ ಹೊತ್ತು ತಂದದ್ದು ಕೆರಿಬಿಯನ್ ದ್ವೀಪಗಳ ಕಾಯಿಯನ್ನು. ಅವನ ಜನ ಅದಕ್ಕೂ ಮೆಣಸಿನ ಹೆಸರೇ ಕೊಟ್ಟರು. ಬ್ರೆಜಿಲಿನ ಗೆಳತಿಗೆ ಇದನ್ನು ಹೇಳಿದಾಗ ಅವಳು ತನ್ನ ಪೋರ್ಚುಗೀಸಿನಲ್ಲಿ ಇನ್ನೊಂದು ಎಳೆ ಸೇರಿಸಿದಳು. ಅವರ ದೇಶದಲ್ಲಿ ಬರೀ ‘ಪಿಮೆಂತಾ’ ಎಂದರೆ ಮೆಣಸಿನಕಾಯಿ. ಕಾಳುಮೆಣಸಿಗೆ ‘ಪಿಮೆಂತಾ ದೊ ರೇನೊ’, ರಾಜ್ಯದಿಂದ ಬಂದ ಮೆಣಸು, ಎನ್ನಬೇಕು. ನಾನು ಅವಳಿಗೆ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಥೆ ಹೇಳಿದೆ. ಹದಿನಾರನೆಯ ಶತಮಾನದಲ್ಲಿ ನಮ್ಮ ಕರಾವಳಿಯ ಮೆಣಸಿನ ವ್ಯಾಪಾರವನ್ನು ಕೈಯಲ್ಲಿಟ್ಟುಕೊಂಡಿದ್ದ ಆ ರಾಣಿಯನ್ನು ಪೋರ್ಚುಗೀಸರು ಕರೆದದ್ದು ‘ರೈನ್ಯಾ ದ ಪಿಮೆಂತಾ’ ಎಂದು. ತನ್ನ ಭಾಷೆಯ ಪದವೊಂದು ಕನ್ನಡನಾಡಿನ ರಾಣಿಯ ಬಿರುದಾಗಿದ್ದನ್ನು ಕೇಳಿ ಗೆಳತಿ ಅದನ್ನು ಎರಡು ಸಲ ಹೇಳಿಸಿಕೊಂಡಳು.

ಆ ವಾರ ನಾನು ಪಟ್ಟಿಯನ್ನು ಹರಿದುಹಾಕಿದೆ. ಮುಂದಿನ ಶನಿವಾರ ನಾವು ಹೋದದ್ದು ತೋರ್ದೆಸಿಯಾಸ್ ಎಂಬ ಸಣ್ಣ ಊರಿಗೆ. ವಯಾದೊಲಿದ್ ಬಸ್ಸು ಅಲ್ಲಿ ಐದು ನಿಮಿಷ ನಿಲ್ಲುತ್ತದೆ, ಹೆಚ್ಚಿನವರು ಇಳಿಯುವುದಿಲ್ಲ. ದುವೆರೊ ನದಿಯ ದಂಡೆಯ ಮೇಲೆ ಎರಡು ಹಳೆಯ ಮನೆಗಳಿವೆ. ಒಪ್ಪಂದದ ಮನೆಗಳು ಎಂದೇ ಅವುಗಳ ಹೆಸರು. 1494ರ ಜೂನ್ 7ರಂದು ಸ್ಪೇನ್ ಮತ್ತು ಪೋರ್ಚುಗಲ್ ಈ ಊರಿನಲ್ಲಿ ಕೂತು ಜಗತ್ತನ್ನು ಪಾಲು ಮಾಡಿಕೊಂಡವು. ಕೇಪ್ ವರ್ಡೆ ದ್ವೀಪಗಳಿಂದ ಪಶ್ಚಿಮಕ್ಕೆ 370 ಲೀಗ್ ದೂರದಲ್ಲಿ ಉತ್ತರ-ದಕ್ಷಿಣ ಒಂದು ಗೆರೆ. ಅದರಾಚೆ ಸ್ಪೇನಿನದು, ಈಚೆ ಪೋರ್ಚುಗಲ್ಲಿನದು. ಆ ಗೆರೆಯ ಎರಡೂ ಬದಿಯಲ್ಲಿ ಬದುಕುತ್ತಿದ್ದ ಜನರಿಗೆ ಸುದ್ದಿಯೇ ಇಲ್ಲ. ನಕ್ಷೆಯ ಮುಂದೆ ನಿಂತಾಗ ನನಗೆ ಸಿಟ್ಟು ಬಂತು, ಅದನ್ನು ಮುಚ್ಚಿಡುವುದಿಲ್ಲ. ನಾಲ್ಕೇ ವರ್ಷದಲ್ಲಿ ವಾಸ್ಕೊ ಡ ಗಾಮನ ಹಡಗುಗಳು ಕಾರವಾರದ ಎದುರಿನ ಅಂಜುದೀವಿನಲ್ಲಿ ಲಂಗರು ಹಾಕಿದ್ದವು. 1510ರಲ್ಲಿ ಗೋವಾ ಹೋಯಿತು. ನಮ್ಮ ಮೆಣಸು ಆ ಹಡಗುಗಳಲ್ಲಿ ಪಶ್ಚಿಮಕ್ಕೆ ಸಾಗಿತು, ಅದೇ ಶತಮಾನದಲ್ಲಿ ಅದೇ ಜನರ ಹಡಗುಗಳಲ್ಲಿ ಮೆಣಸಿನಕಾಯಿ ನಮ್ಮ ಕಡೆಗೆ ಬಂತು. ನಮ್ಮಪ್ಪ ಮೂವತ್ತು ವರ್ಷದಿಂದ ಬ್ಯಾಡಗಿ ಮಾರುಕಟ್ಟೆಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆದು ನನ್ನನ್ನು ಓದಿಸಿದ್ದು ಈ ಕಾಯಿಯಿಂದ. ಸಿಟ್ಟು ಇಳಿಯಲಿಲ್ಲ, ಆದರೆ ಅದರ ಪಕ್ಕದಲ್ಲಿ ಇನ್ನೊಂದು ಭಾವವೂ ಬಂದು ಕೂತಿತು.

ಅದೇ ಊರಿನಲ್ಲಿ ಹ್ವಾನಾ ರಾಣಿಯನ್ನು 1509ರಿಂದ 1555ರವರೆಗೆ, ಸಾಯುವ ತನಕ, ಕೂಡಿಹಾಕಿದ್ದರು. ನಲವತ್ತಾರು ವರ್ಷ. ಅವಳ ಹೆಸರಿನಲ್ಲೇ ಮಗ ಐದನೆಯ ಕಾರ್ಲೋಸ್ ಅರ್ಧ ಜಗತ್ತನ್ನು ಆಳಿದ. ನದಿಯ ಆ ಬದಿಯ ಬಯಲು ನೋಡುತ್ತ ನಾವು ತುಂಬ ಹೊತ್ತು ಮಾತಾಡಲಿಲ್ಲ.

ಅಕ್ಟೋಬರ್ ಕೊನೆಯ ಶನಿವಾರ ಲಾ ವೇರಾ. ಮನೆಯೊಡತಿಯ ಪುಡಿಯ ಡಬ್ಬಿಯ ಮೇಲೆ ಬರೆದಿದ್ದ ಹೆಸರು ಅದು, ಎಸ್ತ್ರೆಮದೂರಾ ಪ್ರಾಂತದ ಕಣಿವೆ. ಬೆಳಗಿನ ಬಸ್ಸು ಬೇಹಾರಿನ ಬೆಟ್ಟ ದಾಟಿ ದಕ್ಷಿಣಕ್ಕಿಳಿಯುತ್ತಲೇ ಕಿಟಕಿಯಾಚೆ ಓಕ್ ಮರಗಳ ಹುಲ್ಲುಗಾವಲು, ಮರದಡಿ ಕಾಯಿ ಆಯ್ದು ತಿನ್ನುವ ಕಪ್ಪು ಹಂದಿಗಳು. ಪ್ಲಾಸೆನ್ಸಿಯಾದಲ್ಲಿ ಬಸ್ಸು ಬದಲಿಸಿ ಹರಾಯಿಸ್ ದೆ ಲಾ ವೇರಾದಲ್ಲಿ ಇಳಿದಾಗ ಮಳೆ ಹನಿಯುತ್ತಿತ್ತು. ಮೊದಲು ಬಂದದ್ದು ವಾಸನೆ, ಊರು ಆಮೇಲೆ. ಸಲಮಂಕಾದ ಅಡುಗೆಮನೆಯ ಡಬ್ಬಿಯಲ್ಲಿದ್ದ ಹೊಗೆ ಇಡೀ ಕಣಿವೆಯ ಮೇಲೆ ಹಬ್ಬಿತ್ತು.

ಚೌಕದ ಪಕ್ಕದಲ್ಲಿ ಪಿಮೆಂತೋನಿನ ಸಂಗ್ರಹಾಲಯವಿದೆ. ಅದರ ಬಾಗಿಲಲ್ಲಿದ್ದ ಹೆಂಗಸು, ನನ್ನ ಊರೂ ಮೆಣಸಿನಕಾಯಿಯ ಊರೇ ಎಂದದ್ದನ್ನು ಕೇಳಿ, ಫೋನ್ ಎತ್ತಿ ಯಾರಿಗೋ ಹೇಳಿದರು. ಮಧ್ಯಾಹ್ನ ಊರ ಹೊರಗಿನ ಹೊಲದ ರೈತನೊಬ್ಬ ತನ್ನ ‘ಸೆಕಾದೇರೊ’ ತೋರಿಸಿದ. ಅದು ಒಣಗಿಸುವ ಮನೆ, ಎರಡಂತಸ್ತಿನದು. ಕೆಳಗೆ ನೆಲದ ಮೇಲೆ ಓಕ್ ಕಟ್ಟಿಗೆಯ ಬೆಂಕಿ, ಜ್ವಾಲೆಯಿಲ್ಲ, ಬರೀ ಕೆಂಡ ಮತ್ತು ಹೊಗೆ. ಮೇಲೆ ಸಂದು ಬಿಟ್ಟು ಜೋಡಿಸಿದ ಹಲಗೆಗಳ ಅಟ್ಟ, ಅದರ ಮೇಲೆ ಮೊಣಕಾಲುದ್ದ ಸುರಿದ ಕೆಂಪು ಕಾಯಿ. ಹದಿನೈದು ದಿನ ಹಗಲಿರುಳು ಬೆಂಕಿ ಆರಬಾರದು. ದಿನಕ್ಕೊಮ್ಮೆ ಇಡೀ ರಾಶಿಯನ್ನು ಕೈಯಿಂದ ಮಗುಚಬೇಕು. ನಾವು ಏಣಿ ಹತ್ತಿ ತಲೆ ಮೇಲೆತ್ತಿದ್ದೇ ಕಣ್ಣಲ್ಲಿ ನೀರು ಸುರಿಯಿತು.

“ಬಿಸಿಲಲ್ಲಿ ಏಕೆ ಒಣಗಿಸುವುದಿಲ್ಲ?” ಎಂದೆ. ಅವನು ಮಾತಾಡದೆ ಬಾಗಿಲಾಚೆಯ ಮಳೆ ತೋರಿಸಿದ. ಆಮೇಲೆ ಬಿಡಿಸಿ ಹೇಳಿದ. ಮುರ್ಸಿಯಾದಲ್ಲಿ ಬಿಸಿಲಿದೆ, ಅಲ್ಲಿಯವರು ಬಿಸಿಲಿಗೆ ಹರವುತ್ತಾರೆ. ಇಲ್ಲಿ ಕಾಯಿ ಹಣ್ಣಾಗಿ ಕೊಯ್ಲಿಗೆ ಬರುವ ಹೊತ್ತಿಗೇ ಶರತ್ಕಾಲದ ಮಳೆ ಹಿಡಿಯುತ್ತದೆ. ಕೊಳೆಯಲು ಬಿಡುವಂತಿಲ್ಲ, ಅದಕ್ಕೇ ಬೆಂಕಿ. ಹೊಗೆಯ ರುಚಿ ಬೇಕೆಂದು ಯಾರೂ ಶುರು ಮಾಡಿದ್ದಲ್ಲ. ಇಂದು ಆ ಪುಡಿಗೆ ಬೆಲೆ ಬಂದಿರುವುದು ಆ ಹೊಗೆಯಿಂದಲೇ.

ನಮ್ಮಲ್ಲಿ ಮೆಣಸಿನಕಾಯಿಯ ಸುಗ್ಗಿ ಒಣಹವೆಯಲ್ಲಿ. ಜನವರಿಯಿಂದ ಕಣಗಳೆಲ್ಲ ಕೆಂಪಾಗುತ್ತವೆ. ಡಬ್ಬಿ ಕಾಯಿ ದಪ್ಪ, ಬಣ್ಣ ಹೆಚ್ಚು. ಕಡ್ಡಿ ಕಾಯಿ ತೆಳ್ಳಗೆ, ಉದ್ದ. ಎರಡಕ್ಕೂ ಸುಕ್ಕು ಬಿದ್ದ ಸಿಪ್ಪೆ, ಎರಡಕ್ಕೂ ಖಾರ ಕಡಿಮೆ. ಬ್ಯಾಡಗಿ ಕಾಯಿಗೆ ದರ ಬರುವುದು ಬಣ್ಣಕ್ಕೆ. ಅದರಿಂದ ತೆಗೆದ ಬಣ್ಣದ ಎಣ್ಣೆ ತುಟಿಗೆ ಹಚ್ಚುವ ಲಿಪ್‌ಸ್ಟಿಕ್‌ವರೆಗೂ ಹೋಗುತ್ತದೆ. ಇದನ್ನು ಹೇಳುತ್ತಿದ್ದಂತೆ ರೈತ ನಗುತ್ತ ತಲೆಯಾಡಿಸಿದ. ಅವನ ಕಾಯಿಯೂ ಬಣ್ಣಕ್ಕೇ ಹೆಸರಾದದ್ದು. ಸಿಹಿ, ಹುಳಿಸಿಹಿ, ಖಾರ ಎಂದು ಪುಡಿಯಲ್ಲಿ ಮೂರು ಬಗೆ. ಚೆಂಡಿನಂತೆ ಗುಂಡಗಿರುವ ಕಾಯಿಗೆ ‘ಬೋಲಾ’ ಎಂದು ಹೆಸರು, ಮತ್ತೊಂದು ತಳಿ ‘ಹೆರೊಮಿನ್’. ಒಂದು ಚಿಟಿಕೆ ಪುಡಿಯನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಉಜ್ಜಿ, ಬಾಗಿಲ ಬೆಳಕಿಗೆ ಹಿಡಿದು ತೋರಿಸಿದ. ಕೊರಿಯಾದ ಗೆಳತಿ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಈಗ ಮೆಲ್ಲಗೆ ಹೇಳಿದಳು: ನನ್ನ ಅಜ್ಜಿ ಅಂಗಳದಲ್ಲಿ ಚಾಪೆ ಹಾಸಿ ಒಣಗಿಸುತ್ತಿದ್ದಳು, ಮೋಡ ಬಂದರೆ ನಮ್ಮನ್ನೆಲ್ಲ ಕೂಗಿ ಕರೆಯುತ್ತಿದ್ದಳು. ಎರಡು ಖಂಡಗಳಿಂದ ಬಂದ ನಾವು ಮೂರನೆಯ ಖಂಡದ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದೆವು. ಕಾಯಿಯ ತವರು ಬ್ರೆಜಿಲಿನವಳ ಖಂಡ. ಉಳಿದವರ ಮನೆಗೆಲ್ಲ ಅದು ಸೊಸೆಯಾಗಿ ಬಂದು ಮನೆಯೊಡತಿಯಾದದ್ದು.

ಭಾನುವಾರ ಕ್ವಾಕೋಸ್ ಎಂಬ ಹಳ್ಳಿಯಿಂದ ಏರುದಾರಿಯಲ್ಲಿ ಯೂಸ್ತೆಯ ಮಠಕ್ಕೆ ನಡೆದೆವು. ದಾರಿಯ ಪಕ್ಕ ಆಲಿವ್ ಮರಗಳ ನಡುವೆ, ಎರಡು ಮಹಾಯುದ್ಧಗಳಲ್ಲಿ ಸ್ಪೇನಿನ ನೆಲದ ಮೇಲೋ ಕಡಲಂಚಿನಲ್ಲೋ ಸತ್ತ 180 ಜರ್ಮನ್ ಸೈನಿಕರ ಸಮಾಧಿಗಳಿವೆ. ಹೆಸರು, ತಾರೀಖು, ಅಷ್ಟೆ. ತೋರ್ದೆಸಿಯಾಸ್‌ನಲ್ಲಿ ಸೆರೆಯಲ್ಲಿದ್ದ ಹ್ವಾನಾಳ ಮಗ ಕಾರ್ಲೋಸ್ ಚಕ್ರವರ್ತಿ ಸಿಂಹಾಸನ ಬಿಟ್ಟು 1557ರಲ್ಲಿ ಈ ಮಠಕ್ಕೆ ಬಂದ. ಮರುವರ್ಷ ಸೆಪ್ಟೆಂಬರಿನಲ್ಲಿ ಮಲೇರಿಯಾದಿಂದ ತೀರಿಕೊಂಡ. ಮಂಚದಿಂದಲೇ ಚರ್ಚಿನ ಪೀಠ ಕಾಣುವಂತೆ ಅವನ ಕೋಣೆಗೆ ಬಾಗಿಲು ಇಟ್ಟಿದ್ದಾರೆ. ಸಂಧಿವಾತದ ಕಾಲು ಚಾಚಲು ಮಾಡಿಸಿದ ಕುರ್ಚಿಯೂ ಇದೆ. ಇಲ್ಲಿಯ ಹೆರೊನಿಮೊ ಪಂಥದ ಸನ್ಯಾಸಿಗಳೇ ಅಮೆರಿಕದಿಂದ ಬಂದ ಕಾಯಿಯನ್ನು ಈ ಕಣಿವೆಯಲ್ಲಿ ಬೆಳೆಸಿ ಹರಡಿದರೆಂಬುದು ಊರಿನ ಪ್ರತೀತಿ. ಚಕ್ರವರ್ತಿಯ ಗುಟ್ಟಿನ ಮಗ ಕ್ವಾಕೋಸಿನಲ್ಲಿದ್ದಾಗ ಅವನನ್ನು ಹೆರೊಮಿನ್ ಎಂದು ಕರೆಯುತ್ತಿದ್ದರು. ನಿನ್ನೆ ಅಟ್ಟದಲ್ಲಿ ಕಂಡ ಕಾಯಿಗೆ ಅವನದೇ ಹೆಸರು. ಚಕ್ರವರ್ತಿಯ ಆ ಕೋಣೆ ನನ್ನನ್ನು ಹೆಚ್ಚು ಹೊತ್ತು ಹಿಡಿದಿಡಲಿಲ್ಲ. ಕಾವಲುಗಾರನಿಲ್ಲದ ಆ ಹೊಗೆಯ ಅಟ್ಟದಲ್ಲೇ ನನ್ನ ಮನಸ್ಸಿತ್ತು.

ಸಂಜೆಯ ಬಸ್ಸಿನಲ್ಲಿ ನಮ್ಮ ಜಾಕೆಟ್ಟುಗಳ ವಾಸನೆಗೆ ಹಿಂದಿನ ಸೀಟಿನವರು “ಸೆಕಾದೇರೊಗೆ ಹೋಗಿದ್ದಿರಾ?” ಎಂದು ಕೇಳಿದರು. ಸಲಮಂಕಾ ತಲುಪುವವರೆಗೂ ಅವರ ಮಾತು ಮುಗಿಯಲಿಲ್ಲ. ಚಿಕ್ಕಂದಿನಲ್ಲಿ ಅವರ ಮನೆಯವರು ಹೊಗೆಯ ದಿನಗಳಲ್ಲಿ ಅಟ್ಟದ ಕೆಳಗೇ ಮಲಗುತ್ತಿದ್ದರಂತೆ, ಬೆಂಕಿ ಕಾಯಲು. ಮರುದಿನ ತರಗತಿಯಲ್ಲಿ ನನ್ನ ಸರದಿ ಬಂದಾಗ ಹೋದೆ, ನೋಡಿದೆ ಎಂದು ಶುರು ಮಾಡಿದವಳು ಎರಡನೆಯ ವಾಕ್ಯಕ್ಕೇ ಇನ್ನೊಂದು ಬಾಗಿಲಿಂದ ಒಳಹೊಕ್ಕಿದ್ದೆ. ಮಳೆ ಬರುತ್ತಿತ್ತು. ಬೆಂಕಿ ಉರಿಯುತ್ತಿತ್ತು. ನನ್ನ ಅಜ್ಜಿ ಕಣದಲ್ಲಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಅಧ್ಯಾಪಕಿ ನಡುವೆ ತಿದ್ದಲಿಲ್ಲ, ಗಡಿಯಾರವನ್ನೂ ನೋಡಲಿಲ್ಲ.

ಡಿಸೆಂಬರ್ ಕೊನೆಗೆ ಊರಿಗೆ ಬಂದೆ. ಅಮ್ಮನಿಗೆ ಆವಿಲಾದ ಮಿಠಾಯಿ, ಅಪ್ಪನಿಗೆ ಲಾ ವೇರಾದ ಪುಡಿಯ ಕೆಂಪು ಡಬ್ಬಿ. ಅದರ ಬಗ್ಗೆ ಬೇಕೆಂದೇ ಏನೂ ಹೇಳದೆ ಕೈಗಿಟ್ಟೆ. ಅಪ್ಪ ಕನ್ನಡಕ ಏರಿಸಿ ಮುಚ್ಚಳ ಬಿಚ್ಚಿದರು. ಚಿಟಿಕೆ ತೆಗೆದು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಉಜ್ಜಿ, ಕಿಟಕಿಯ ಬೆಳಕಿಗೆ ಹಿಡಿದರು. “ಬಣ್ಣ ಐತಿ” ಎಂದರು. ಆಮೇಲೆ ಮೂಸಿದರು. ಇನ್ನೊಮ್ಮೆ ಮೂಸಿ, ಹುಬ್ಬು ಗಂಟಿಕ್ಕಿ, ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡುತ್ತ ಕೂತರು.

“ಸುಗ್ಗಿ ಹೊತ್ತಿಗೆ ಅಲ್ಲಿ ಮಳಿ ಹಿಡೀತೈತೇನವ್ವ?”

ಹೂಂ ಅಂದೆ.